ಒಂದು ಹನಿಯೂ ಸೋರದೆ

“ನನ್ನ ಕಣ್ಣು ಮಂಜಾಗಿದೆ, ನೀನೇ ನೋಡಿ ಹೇಳು. ಎಲ್ಲಿವರೆಗಿದೆ?”

ಅಜ್ಜ ಅಳತೆಯ ಕಡ್ಡಿಯನ್ನು ಚೂಟಿಯ ಮೂಗಿನ ಕೆಳಗೇ ಹಿಡಿದ. ಆ ಕಬ್ಬಿಣದ ಕಡ್ಡಿಯ ಮೇಲೆ ಎರಡು ಗೀರುಗಳಿದ್ದವು. ಆಯಿಲ್ ಮೇಲಿನ ಗೀರಿನವರೆಗೆ ಇದ್ದರೆ ಟ್ರ್ಯಾಕ್ಟರಿನ ಹೊಟ್ಟೆ ತುಂಬಿದೆ ಎಂದರ್ಥ. ಕೆಳಗಿನ ಗೀರಿಗೆ ಬಂದರೆ ಹಸಿದಿದೆ ಎಂದರ್ಥ. ಈಗಂತೂ ಆಯಿಲ್ ಕಡ್ಡಿಯ ತುದಿಗೆ ಮಾತ್ರ ಒಂದಿಷ್ಟು ಅಂಟಿಕೊಂಡಿತ್ತು.

“ತುದೀಲಿ ಮಾತ್ರ ಇದೆ ಅಜ್ಜ.”

“ಮೊನ್ನೆ ತಾನೆ ತುಂಬಿಸಿದ್ನಲ್ಲೇ!”

ಅಮ್ಮ ಕೆಂಪಿಯ ಸೀಟಿನ ಮೇಲಿಂದ ಬಗ್ಗಿ ನೋಡಿದಳು. ಕೆಂಪಿ ಅಂದರೆ ಹಸುವಲ್ಲ, ಟ್ರ್ಯಾಕ್ಟರ್. ಅಜ್ಜ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ ಮನೆಗೆ ಬಂದದ್ದು. ಕೆಂಪು ಬಣ್ಣ ಮುಕ್ಕಾಲು ಪಾಲು ಹೋಗಿದೆ, ಹೆಸರು ಮಾತ್ರ ಉಳಿದಿದೆ. ಅಜ್ಜ ಅದನ್ನು ರಿಪೇರಿ ಮಾಡುತ್ತಾನೆ, ಅಮ್ಮ ಓಡಿಸುತ್ತಾಳೆ, ಚೂಟಿ ಒರೆಸುತ್ತಾಳೆ.

“ಎಲ್ಲೋ ಸೋರಿರ್ಬೇಕು ಬಿಡಿ,” ಎಂದಳು ಅಮ್ಮ.

“ಸೋರಿದ್ರೆ ನೆಲ ಹೇಳ್ತಿತ್ತು. ಚೂಟಿ, ಕೆಳಗೆ ನುಗ್ಗು.”

ಚೂಟಿ ಟಾರ್ಚ್ ಹಿಡಿದು ಕೆಂಪಿಯ ಹೊಟ್ಟೆಯ ಕೆಳಗೆ ನುಗ್ಗಿದಳು. ಅಜ್ಜ ಅಲ್ಲಿ ರಟ್ಟು ಹಾಸಿಟ್ಟಿದ್ದ. ಆಯಿಲ್ ಒಂದು ಹನಿ ಬಿದ್ದರೂ ರಟ್ಟಿನ ಮೇಲೆ ಕಾಸಗಲದ ಕಲೆಯಾಗಬೇಕು. ರಟ್ಟು ಒಣಗಿತ್ತು. ಗೇರ್‌ಬಾಕ್ಸಿನ ಕೆಳಗೆ ಬೆರಳಾಡಿಸಿದಳು. ಬೆರಳಿಗೆ ಧೂಳು ಹತ್ತಿತು.

“ಒಂದು ಹನಿಯೂ ಇಲ್ಲ ಅಜ್ಜ!”

“ಸೋರಿಲ್ಲ ಅಂದ್ಮೇಲೆ...” ಎಂದ ಅಜ್ಜ ಅಷ್ಟಕ್ಕೇ ಸುಮ್ಮನಾದ. ಅವನ ಕಣ್ಣು ಬೇಲಿಯಾಚೆಗೆ ಹೋಯಿತು. ಆಚೆ ಮೀಸೆ ಮಾಮನ ಮನೆ. ಮನೆಯ ಪಕ್ಕ ಶೆಡ್ಡು. ಶೆಡ್ಡಿನಲ್ಲಿ ಭೀಮ. ಅದೂ ಕೆಂಪಿಯಷ್ಟೇ ಹಳೆಯ ಟ್ರ್ಯಾಕ್ಟರ್.

ಅಜ್ಜ ಮಾತನ್ನು ಅರ್ಧಕ್ಕೆ ಬಿಟ್ಟರೂ ಚೂಟಿ ಮನಸ್ಸಿನಲ್ಲೇ ಪೂರ್ತಿ ಮಾಡಿದಳು. ಸೋರಿಲ್ಲ ಅಂದ್ಮೇಲೆ, ಯಾರೋ ಕದ್ದಿದ್ದಾರೆ.

ಆಯಿಲ್ ಕಮ್ಮಿಯಾದರೆ ಕೆಂಪಿ ಎಂಥಾ ಪಾಡು ಪಡುತ್ತದೆ ಎಂಬುದು ಚೂಟಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ನೇಗಿಲು ಕಟ್ಟುವ ಎರಡು ಕಬ್ಬಿಣದ ತೋಳುಗಳಿವೆ. ಲಿವರ್ ಎಳೆದರೆ ತೋಳು ಮೇಲಕ್ಕೆ ಹೋಗಬೇಕು. ಈಗ ಲಿವರ್ ಎಳೆದರೆ ಕೆಂಪಿ ‘ಕುಯ್ಯೋ’ ಎಂದು ಅಳುತ್ತದೆ. ತೋಳು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಗೇಣುದ್ದ ಎದ್ದು, ನಿಂತುಬಿಡುತ್ತದೆ.

“ಯಾಕಜ್ಜ ನಡುಗುತ್ತೆ?” ಎಂದು ಅವಳು ಕೇಳಿದ್ದಳು.

“ಈಗಿನ ಗಾಡಿಗಳಿಗೆ ಲಿಫ್ಟಿಗೊಂದು, ಗೇರಿಗೊಂದು ಬೇರೆ ಬೇರೆ ಆಯಿಲ್ ಇರುತ್ತೆ. ನಮ್ಮ ಕೆಂಪೀದು ಒಂದೇ ಹೊಟ್ಟೆ. ಗೇರಿಗೂ ಅದೇ ಆಯಿಲ್, ಲಿಫ್ಟಿಗೂ ಅದೇ ಆಯಿಲ್. ಒಳಗೆ ಪಂಪ್ ಇದೆ ನೋಡು, ಅದು ಆಯಿಲನ್ನ ಹೀರಿ ತಳ್ಳುತ್ತೆ. ಆಯಿಲ್ ಹೋಗಿ ಪಿಸ್ಟನ್ನನ್ನ ತಳ್ಳುತ್ತೆ. ಪಿಸ್ಟನ್ ತೋಳನ್ನ ಎತ್ತುತ್ತೆ. ಆಯಿಲ್ ಕಮ್ಮಿಯಾದ್ರೆ ಪಂಪು ಗಾಳಿ ಹೀರುತ್ತೆ. ಆಯಿಲ್ ಹಟಮಾರಿ, ಎಷ್ಟು ಹಿಂಡಿದ್ರೂ ಕುಗ್ಗಲ್ಲ. ಗಾಳಿ ಹಾಗಲ್ಲ, ಒತ್ತಿದ್ರೆ ಕುಗ್ಗುತ್ತೆ. ಕುಗ್ಗೋದನ್ನ ನಂಬ್ಕೊಂಡು ನೇಗಿಲು ಎತ್ತೋಕಾಗುತ್ತಾ?”

ಅಜ್ಜನಿಗೆ ಕೆಂಪಿಯ ಕರುಳಿನ ಒಂದೊಂದು ಮಡಿಕೆಯೂ ಗೊತ್ತು. ಅಂಥಾ ಅಜ್ಜನಿಗೇ ಗೊತ್ತಾಗದಂತೆ ಆಯಿಲ್ ಹೋಗುತ್ತಿದೆ ಅಂದರೆ, ಕಳ್ಳ ಸಾಮಾನ್ಯನಲ್ಲ.

ಚೂಟಿ ಲೆಕ್ಕ ಹಾಕಿದಳು. ಆಯಿಲ್ ಯಾವಾಗ ಯಾವಾಗ ಕಮ್ಮಿಯಾಯಿತು? ಹೋದ ಸಲ, ಟ್ರೇಲರ್ ಬೇಲಿಯಾಚೆಗೆ ಹೋದ ದಿನ. ಈ ಸಲ, ಮತ್ತೆ ಟ್ರೇಲರ್ ಬೇಲಿಯಾಚೆಗೆ ಹೋದ ದಿನ.

ಎರಡು ಮನೆಗೂ ಸೇರಿ ಇದ್ದದ್ದು ಒಂದೇ ಟ್ರೇಲರ್. ಹೆಚ್ಚುಕಮ್ಮಿ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಈ ವರ್ಷ ಅದಕ್ಕೆ ಹೈಡ್ರಾಲಿಕ್ ಜಾಕ್ ಕೂರಿಸಿದ್ದರು. ಟ್ರೇಲರಿನ ಪೈಪನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ ಲಿವರ್ ಎಳೆದರೆ ಸಾಕು, ಜಾಕ್ ಉದ್ದವಾಗಿ ತೊಟ್ಟಿ ಮುಂದಿನಿಂದ ಮೇಲೇಳುತ್ತಿತ್ತು. ಗೊಬ್ಬರವೆಲ್ಲ ಹಿಂದಿನಿಂದ ಜಾರಿ ಬೀಳುತ್ತಿತ್ತು. ಸಲಿಕೆಯ ಕೆಲಸವೇ ಉಳಿಯಲಿಲ್ಲ.

ವಾರ ಮುಗಿದಾಗ ಮೀಸೆ ಮಾಮ ಭೀಮನನ್ನು ತಂದು ಟ್ರೇಲರ್ ಒಯ್ಯುತ್ತಾನೆ. ಅಂದರೆ ಅವನು ಅಂಗಳಕ್ಕೆ ಬಂದ ದಿನವೇ ಆಯಿಲ್ ಮಾಯ!

ಅದಲ್ಲದೆ ಇನ್ನೊಂದಿತ್ತು. ಇವರ ಮನೆಯಿಂದ ಟ್ರೇಲರ್ ಹೋಗುವಾಗ ಅಮ್ಮ ತೊಟ್ಟಿಯನ್ನು ಎತ್ತಿ, ಕಬ್ಬಿಣದ ಕಂಬಿ ಆನಿಸಿ ನಿಲ್ಲಿಸುತ್ತಿದ್ದಳು. ಚೂಟಿ ನೀರು ಹೊಡೆದು, ಪೊರಕೆಯಿಂದ ಉಜ್ಜಿ ತೊಳೆಯುತ್ತಿದ್ದಳು. ನೀರು ಬಸಿದು ಒಣಗಲಿ ಎಂದು ಹಾಗೇ ಎತ್ತಿ ಬಿಟ್ಟು, ಕೆಂಪಿಯನ್ನು ಕಳಚಿಕೊಂಡು ಬರುತ್ತಿದ್ದರು. “ಇನ್ನೊಬ್ಬರ ಕೈಗೆ ಕೊಡೋ ವಸ್ತು ಊಟದ ತಟ್ಟೆ ಥರ ಇರ್ಬೇಕು,” ಎನ್ನುವುದು ಅಜ್ಜನ ಮಾತು. ಮೀಸೆ ಮಾಮ ವಾಪಸ್ ತಂದು ಬಿಡುವಾಗ ಟ್ರೇಲರಿನಲ್ಲಿ ಹುಲ್ಲು, ಮಣ್ಣು, ಒಮ್ಮೆಯಂತೂ ಹರಿದ ಚಪ್ಪಲಿ.

ತೊಳೆದು ಕೊಡದವನು ಕದಿಯದೆ ಬಿಡುತ್ತಾನಾ? ಚೂಟಿಗೆ ಇದು ನೂರಕ್ಕೆ ನೂರು ಸರಿ ಎನ್ನಿಸಿತು.

ಕಷ್ಟವೆಂದರೆ, ಮೀಸೆ ಮಾಮನ ಮಗಳು ಸೋಡಾ. ದಪ್ಪ ಗಾಜಿನ ಕನ್ನಡಕಕ್ಕೆ ಸೋಡಾಬುಡ್ಡಿ ಎಂದು ಕ್ಲಾಸಿನವರು ಇಟ್ಟ ಹೆಸರು. ಚೂಟಿ ಅದನ್ನು ಪ್ರೀತಿಯಿಂದ ‘ಸೋಡಾ’ ಎಂದು ಮೊಟಕು ಮಾಡಿದ್ದಳು, ಎಲ್ಲರ ಬಾಯಲ್ಲೂ ಅದೇ ಉಳಿದಿತ್ತು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು.

ಮುಂದಿನ ಸಲ ಟ್ರೇಲರ್ ಹೋಗುವ ದಿನ ಚೂಟಿ ಬಲೆ ಹೆಣೆದಳು. ಅಜ್ಜ ಬೆಳಿಗ್ಗೆ ಕೆಂಪಿಯ ಹೊಟ್ಟೆ ತುಂಬಿಸಿದ್ದ. ಅವಳು ಅಮ್ಮನ ಹೊಲಿಗೆ ಡಬ್ಬಿಯಿಂದ ಕಪ್ಪು ದಾರ ತಂದು ಅಳತೆಯ ಕಡ್ಡಿಗೂ, ಆಯಿಲ್ ಹಾಕುವ ಮುಚ್ಚಳಕ್ಕೂ ಸುತ್ತಿ ಗಂಟು ಹಾಕಿದಳು. ಯಾರು ತೆಗೆದರೂ ದಾರ ಹರಿಯಲೇಬೇಕು. ಶಾಲೆಯಿಂದ ತಂದ ಸೀಮೆಸುಣ್ಣದ ಪುಡಿಯನ್ನು ಶೆಡ್ಡಿನ ನೆಲಕ್ಕೆಲ್ಲ ಎರಚಿದಳು. ಅಮ್ಮ ಬೇಗ ಬೇಗ ಕೆಲಸ ಮುಗಿಸಿ, ಟ್ರೇಲರ್ ತೊಳೆಸಿ, ಕೆಂಪಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದಳು. ಚೂಟಿ ಪುಡಿಯನ್ನು ಇನ್ನೊಮ್ಮೆ ಎರಚಿ ಶಾಲೆಗೆ ಓಡಿದಳು.

ಸಂಜೆ ಬಂದಾಗ ಮೀಸೆ ಮಾಮ ಟ್ರೇಲರ್ ಒಯ್ದಾಗಿತ್ತು.

ಚೂಟಿ ಚೀಲ ಬಿಸಾಕಿ ಶೆಡ್ಡಿಗೆ ಹೋದಳು. ಪುಡಿಯ ಮೇಲೆ ಕೋಳಿ ಕಾಲಿನ ಗುರುತು. ಅಜ್ಜನ ಚಪ್ಪಲಿಯ ಗುರುತು. ಬೇರೆ ಯಾವುದೂ ಇಲ್ಲ. ದಾರದ ಗಂಟು ಹಾಗೇ ಇತ್ತು. ದಾರ ಬಿಚ್ಚಿ ಕಡ್ಡಿ ಎಳೆದಳು.

ಆಯಿಲ್ ಕೆಳಗಿನ ಗೀರಿನ ಹತ್ತಿರ!

ಬೇರೆ ಯಾರಾದರೂ ಆಗಿದ್ದರೆ, ‘ಓಹೋ, ಯಾರೂ ಬಂದಿಲ್ಲ, ಅಂದಮೇಲೆ ಕಳ್ಳನಿಲ್ಲ’ ಎನ್ನುತ್ತಿದ್ದರೋ ಏನೋ. ಚೂಟಿ ಹಾಗೆನ್ನಲಿಲ್ಲ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

‘ಎಂಥಾ ಕಿಲಾಡಿ! ದಾರ ಬಿಚ್ಚಿ, ಆಯಿಲ್ ತೆಗೆದು, ಮತ್ತೆ ನನ್ನ ಥರಾನೇ ಗಂಟು ಹಾಕಿದ್ದಾನೆ. ಹೆಜ್ಜೆ ಗುರುತನ್ನೂ ಅಳಿಸಿದ್ದಾನೆ,’ ಎಂದುಕೊಂಡಳು.

ಅಳಿಸಿದ್ದರೆ ಕೋಳಿ ಕಾಲಿನ ಗುರುತು ಯಾಕೆ ಉಳಿಯಿತು ಎಂದು ಅವಳು ಯೋಚಿಸಲಿಲ್ಲ.

ಮೀಸೆ ಮಾಮ ಹೊಲದಲ್ಲಿದ್ದಾನೆ ಎಂದು ಖಾತ್ರಿ ಮಾಡಿಕೊಂಡು ಬೇಲಿ ನುಸುಳಿದಳು. ಭೀಮನ ಮುಂದೆ ನಿಂತು ಸುತ್ತ ಒಮ್ಮೆ ನೋಡಿದಳು. ಕಡ್ಡಿ ಎಳೆದು ನೋಡಿದಳು. ಕೆಳಗಿನ ಗೀರು ಮುಳುಗಿತ್ತು. ಮೇಲಿನ ಗೀರೂ ಮುಳುಗಿತ್ತು. ಅದರ ಮೇಲೂ ನಾಲ್ಕು ಬೆರಳು ಆಯಿಲ್!

ಕದ್ದ ಮಾಲು ಕಳ್ಳನ ಮನೆಯಲ್ಲೇ ಇತ್ತು. ಇನ್ನೇನು ಬೇಕು?

ಅಜ್ಜನಿಗೆ ಹೇಳಿದರೆ ಜಗಳವಾಗುತ್ತದೆ. ಅಮ್ಮನಿಗೆ ಹೇಳಿದರೆ, “ಬೇರೆಯವರ ಶೆಡ್ಡಿಗೆ ಯಾಕೆ ಹೋಗಿದ್ದೆ?” ಎಂದು ಕಿವಿ ಹಿಂಡುತ್ತಾಳೆ. ಹೊಟ್ಟೆಯಲ್ಲಿಟ್ಟುಕೊಂಡರೆ ಹೊಟ್ಟೆ ಒಡೆಯುತ್ತದೆ. ಮರುದಿನ ಸ್ಕೂಲ್ ಬಸ್ಸಿನಲ್ಲಿ ಸೋಡಾಳ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋದಳು. ಅಲ್ಲಿ ರೇಡಿಯೋ ಕೂತಿದ್ದ. ಅವನಿಗೆ ಆ ಹೆಸರು ಯಾಕೆ ಬಂತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

“ಯಾಕೆ? ಸೋಡಾ ಗ್ಯಾಸ್ ಹೋಯ್ತಾ?” ಎಂದು ಕೇಳಿದ ರೇಡಿಯೋ.

“ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡು.”

“ಪ್ರಾಮಿಸ್. ಗಾಡ್ ಪ್ರಾಮಿಸ್.”

ಚೂಟಿ ಅವನ ಕಿವಿಯಲ್ಲಿ ಹೇಳಿದಳು. ಬಸ್ಸು ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಡ್ರೈವರ್ ಅಂಕಲ್‌ಗೂ ವಿಷಯ ಗೊತ್ತಾಗಿತ್ತು.

ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಶುರುವಾಯಿತು.

“ಏ ಸೋಡಾ, ನಿನ್ನ ಡಬ್ಬೀಲಿ ಆಯಿಲ್ ಜಾಸ್ತಿ ಇದೆಯಲ್ಲೇ?”

“ನನ್ನ ಸೈಕಲ್ ಚೈನಿಗೆ ಒಂಚೂರು ಬೇಕಿತ್ತು. ನಿಮ್ಮಪ್ಪಂಗೆ ಹೇಳ್ತೀಯಾ?”

“ಹುಷಾರು ಕಣ್ರೋ, ತಲೆಗೆ ಎಣ್ಣೆ ಹಚ್ಕೊಂಡು ಬಂದಿದ್ರೆ ಟೋಪಿ ಹಾಕ್ಕೊಳಿ!”

ಸೋಡಾ ಕನ್ನಡಕ ತೆಗೆದು ಲಂಗದ ತುದಿಯಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕನ್ನಡಕವಿಲ್ಲದ ಅವಳ ಮುಖ ಬೇರೆ ಯಾರದೋ ಥರ ಕಾಣುತ್ತಿತ್ತು. ಚೂಟಿ ಬೇರೆ ಕಡೆ ತಿರುಗಿಕೊಂಡಳು. ‘ನಾನು ಸುಳ್ಳೇನೂ ಹೇಳಿಲ್ಲವಲ್ಲ,’ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅವತ್ತು ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಸಂಜೆ ಬಸ್ಸಿಳಿದು ಮನೆ ಕಡೆ ತಿರುಗುವಾಗ ಸೋಡಾ ಅಡ್ಡ ನಿಂತಳು.

“ನಮ್ಮ ಶೆಡ್ಡಿಗೆ ಬಂದಿದ್ದೆ ನೀನು.”

“ಯಾರು? ನಾನಾ?” ಚೂಟಿಯ ಕೈ ತನಗರಿವಿಲ್ಲದೆ ಜಡೆಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

“ನೀನೇ. ನೆಲದ ಮೇಲೆ ಸೀಮೆಸುಣ್ಣದ ಹೆಜ್ಜೆ ಇತ್ತು. ಬೇಲಿಯಿಂದ ಭೀಮನವರೆಗೆ, ಭೀಮನಿಂದ ಬೇಲಿವರೆಗೆ. ಚಪ್ಪಲಿಯ ಹಿಮ್ಮಡೀಲಿ ಹೂವಿನ ಗುರುತು ಬೇರೆ. ಆ ಚಪ್ಪಲಿ ಕೊಳ್ಳುವಾಗ ನಾನೂ ಜೊತೇಲಿದ್ದೆ.”

ಚೂಟಿಯ ಕಿವಿ ಬಿಸಿಯಾಯಿತು. ಕಳ್ಳನಿಗೆ ಹಾಕಿದ ಪುಡಿ ಅವಳ ಚಪ್ಪಲಿಗೇ ಅಂಟಿತ್ತು!

“ಬಂದಿದ್ದೆ. ಏನೀಗ? ಭೀಮನ ಹೊಟ್ಟೇಲಿ ನಮ್ಮ ಆಯಿಲ್ ಇದೆ. ನನ್ನ ಕಣ್ಣಾರೆ ನೋಡಿದೀನಿ.”

“ಅದನ್ನೇ ನಮ್ಮಪ್ಪ ಕೇಳ್ತಿರೋದು!” ಸೋಡಾ ಇನ್ನೂ ಹತ್ತಿರ ಬಂದಳು. “ಭೀಮನಿಗೆ ಯಾರೋ ಆಯಿಲ್ ಸುರಿದು ಹೋಗ್ತಿದ್ದಾರೆ. ಹೆಚ್ಚಾಗಿದ್ದು ಸೀಲ್ ದಾಟಿ ಬ್ರೇಕಿಗೆ ಇಳೀತಿದೆ. ಬ್ರೇಕ್ ಜಾರ್ತಿದೆ. ಮೊನ್ನೆ ಇಳಿಜಾರಲ್ಲಿ ಅಪ್ಪ ಬಿದ್ದೇ ಹೋಗ್ತಿದ್ರು. ನಿನ್ನ ಹೆಜ್ಜೆ ನೋಡಿ, ಇದು ಆ ಮನೆ ಕಿತಾಪತಿನೇ ಅಂದ್ರು. ಅವಳಿಗೆ ಆಟ, ನಮಗೆ ಪ್ರಾಣ ಸಂಕಟ ಅಂದ್ರು.”

“ನಾವು ಸುರೀತೀವಾ? ನಮ್ಮದನ್ನ ನಿಮಗೆ ಯಾಕೆ ಸುರೀತೀವಿ? ಕದಿಯೋರನ್ನ ಕೇಳಿದೀನಿ, ಕದ್ದು ಬಂದು ತುಂಬೋರನ್ನ ಎಲ್ಲೂ ಕೇಳಿಲ್ಲ!”

“ನಾನೂ ಕೇಳಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ದುರುದುರು ನೋಡಿದರು. ಚೂಟಿಗೆ ಸೋಡಾಳ ಮೇಲೆ ನಂಬಿಕೆಯಿಲ್ಲ. ಸೋಡಾಳಿಗೆ ಚೂಟಿಯ ಮೇಲೆ ನಂಬಿಕೆಯಿಲ್ಲ.

“ಭಾನುವಾರ ಅಪ್ಪ ಟ್ರೇಲರ್ ತಂದು ಬಿಡ್ತಾರೆ,” ಎಂದಳು ಸೋಡಾ. “ನೀವು ಕೆಲಸ ಮುಗಿಸಿ ಮುಂದಿನ ಭಾನುವಾರ ತೊಳೆದಿಡ್ತೀರಲ್ಲ, ಅವತ್ತು ಬೆಳಿಗ್ಗೆಯಿಂದ ನಾನು ನಿಮ್ಮನೇಲೇ ಇರ್ತೀನಿ. ಕೆಂಪಿ ಮೇಲಿಂದ ಕಣ್ಣು ತೆಗೆಯಲ್ಲ. ನೀನೂ ಇರು. ಅಪ್ಪ ಕೆಂಪೀನ ಮುಟ್ಟಿದ್ರೆ, ನಾನೇ ಕ್ಲಾಸಲ್ಲಿ ಎದ್ದು ಹೇಳ್ತೀನಿ. ಮುಟ್ಟದೆ ಇದ್ರೆ?”

“ಇದ್ರೆ?”

“ನೀನು ನನ್ನ ಫ್ರೆಂಡ್ ಅಲ್ಲ. ಯಾವತ್ತೂ ಅಲ್ಲ.”

ಸೋಡಾ ಹೊರಟುಹೋದಳು. ಚೂಟಿ ದಾರಿಯಲ್ಲಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅವಳಿಗೆ ಮೊದಲ ಸಲ ಒಂದು ವಿಚಿತ್ರ ಆಸೆಯಾಯಿತು. ಮೀಸೆ ಮಾಮ ಕಳ್ಳನೇ ಆಗಿರಲಿ ಎಂಬ ಆಸೆ. ಹಾಗೆ ಆಸೆಪಟ್ಟಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಆ ಭಾನುವಾರ ಬಂತು. ಅಜ್ಜ ಕೆಂಪಿಗೆ ಮೇಲಿನ ಗೀರಿನವರೆಗೆ ಆಯಿಲ್ ತುಂಬಿಸಿದ. ಕಡ್ಡಿಯನ್ನು ಚೂಟಿಯೂ ನೋಡಿದಳು, ಸೋಡಾಳೂ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಏನ್ರೇ ಇದು, ಇಬ್ಬರು ಪೊಲೀಸರು?” ಎಂದು ಅಜ್ಜ ನಕ್ಕ. ಯಾರೂ ನಗಲಿಲ್ಲ.

ಅಮ್ಮ ಟ್ರೇಲರಿನ ಪೈಪನ್ನು ಕೆಂಪಿಗೆ ಚಟಕ್ಕನೆ ಸಿಕ್ಕಿಸಿ ಲಿವರ್ ಎಳೆದಳು. ತೊಟ್ಟಿ ಮೆಲ್ಲಗೆ ಮೇಲೆದ್ದಿತು. ಕಂಬಿ ಆನಿಸಿ, ತೊಟ್ಟಿಯನ್ನು ಅದರ ಮೇಲೆ ಒರಗಿಸಿದಳು. ಚೂಟಿ ನೀರು ಹೊಡೆದಳು. ಸೋಡಾ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡಿದಳು. ಅವಳಿಗೂ ಪೊರಕೆ ಹಿಡಿಯಬೇಕೆನ್ನಿಸಿತ್ತೋ ಏನೋ, ಕೈಗಳನ್ನು ಮೊಣಕಾಲಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ತೊಳೆದದ್ದು ಮುಗಿದ ಮೇಲೆ ಅಮ್ಮ ಪೈಪ್ ಕಳಚಿ, ಕೆಂಪಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿ, ಕೈ ತೊಳೆಯಲು ಒಳಗೆ ಹೋದಳು.

ಇಬ್ಬರು ಹುಡುಗಿಯರೂ ಕೆಂಪಿಯ ಎರಡು ಮಡ್‌ಗಾರ್ಡಿನ ಮೇಲೆ ಒಬ್ಬೊಬ್ಬರು ಕೂತರು.

“ಈಗಲೇ ಒಂದ್ಸಲ ನೋಡ್ಬಿಡು,” ಎಂದಳು ಸೋಡಾ ಸ್ವಲ್ಪ ಹೊತ್ತಿನ ಮೇಲೆ. “ಆಮೇಲೆ ಸೋಡಾ ಬಂದಿದ್ಲು, ಅವಳೇ ಏನೋ ಮಾಡಿದ್ಲು ಅಂತ ಬಸ್ಸಲ್ಲಿ ಹೇಳ್ಬೇಡ.”

ಮಾತು ಚುರ್ ಎಂದಿತು. ಚೂಟಿ ಕಡ್ಡಿ ಎಳೆದಳು. ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ಎಳೆದಳು.

ಆಯಿಲ್ ಕೆಳಗಿನ ಗೀರಿನ ಹತ್ತಿರ.

ಇಬ್ಬರ ಬಾಯಿಯೂ ತೆರೆದುಕೊಂಡಿತು.

“ನಾನು ಮುಟ್ಟಿಲ್ಲ!” ಎಂದಳು ಸೋಡಾ.

“ನಾನೂ ಮುಟ್ಟಿಲ್ಲ!”

“ನಮ್ಮಪ್ಪ ಇನ್ನೂ ಮನೇಲೇ ಇದ್ದಾರೆ. ಕೇಳು, ಹಾಡು ಹಾಕ್ಕೊಂಡಿದ್ದಾರೆ.”

ಹೌದು, ಬೇಲಿಯಾಚೆಯಿಂದ ಹಾಡು ಕೇಳುತ್ತಿತ್ತು. ಜೊತೆಗೆ ಮೀಸೆ ಮಾಮನ ಅಪಸ್ವರವೂ. ಅಂದಮೇಲೆ ಕಳ್ಳ ಬಂದದ್ದು ಯಾವಾಗ? ಬೆಳಿಗ್ಗೆಯಿಂದ ಕೆಂಪಿಯನ್ನು ಮುಟ್ಟಿದ್ದು ಅಜ್ಜ, ಅಮ್ಮ, ಚೂಟಿ. ಚೂಟಿಯ ಅನುಮಾನ ಒಂದು ಕ್ಷಣ ಅಜ್ಜನ ಮೇಲೆ ಹೋಯಿತು. ಆಮೇಲೆ ಅಮ್ಮನ ಮೇಲೆ ಹೋಯಿತು. ಹೋಗಿ ವಾಪಸ್ ಬಂದು, ನಿಲ್ಲಲು ಜಾಗ ಸಿಗದೆ ಸುಮ್ಮನೆ ನಿಂತಿತು.

“ಬೆಳಿಗ್ಗೆ ಫುಲ್ ಇತ್ತು,” ಎಂದು ಗೊಣಗಿದಳು. “ಆಮೇಲೆ ಕೆಂಪಿ ಏನು ಮಾಡ್ತು? ಎಲ್ಲೂ ಹೋಗಿಲ್ಲ. ಉತ್ತಿಲ್ಲ. ಟ್ರೇಲರ್ ಎತ್ತಿತು, ಅಷ್ಟೇ.”

ಎತ್ತಿತು.

ಅವಳು ಮಡ್‌ಗಾರ್ಡಿನಿಂದ ಜಿಗಿದಳು. ಹೊರಗೆ ಟ್ರೇಲರಿನ ತೊಟ್ಟಿ ಮುಗಿಲಿಗೆ ಮೂತಿ ಮಾಡಿ ನಿಂತಿತ್ತು. ಅದರ ಕೆಳಗೆ ಜಾಕ್ ಮಿರಮಿರ ಮಿಂಚುತ್ತಾ ನಿಂತಿತ್ತು, ಚೂಟಿಗಿಂತ ಉದ್ದವಾಗಿ.

“ಸೋಡಾ, ಈ ಜಾಕನ್ನ ಉದ್ದ ಮಾಡಿದ್ದು ಏನು?”

“ಆಯಿಲ್. ಪಂಪು ತಳ್ಳಿದ ಆಯಿಲ್.”

“ಆ ಆಯಿಲ್ ಈಗ ಎಲ್ಲಿದೆ?”

ಸೋಡಾ ಜಾಕನ್ನು ನೋಡಿದಳು. ಕಳಚಿ ನೇತಾಡುತ್ತಿದ್ದ ಪೈಪನ್ನು ನೋಡಿದಳು. ಪೈಪಿನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತ್ತು, ಒಂದು ಹನಿಯೂ ಸೋರದಂತೆ.

“ಇದರೊಳಗೇ ಇದೆ,” ಎಂದಳು ನಿಧಾನವಾಗಿ. “ಇಳಿಸದೆ ಕಳಚಿದ್ರಿ ನೀವು. ಈಗ ಅಪ್ಪ ಬರ್ತಾರೆ. ಪೈಪನ್ನ ಭೀಮನಿಗೆ ಸಿಕ್ಕಿಸ್ತಾರೆ. ಕಂಬಿ ತೆಗೆದು, ತೊಟ್ಟೀನ ಇಳಿಸ್ತಾರೆ. ಆಗ...”

“ಎಲ್ಲಾ ಭೀಮನ ಹೊಟ್ಟೆಗೆ!”

“ಅಜ್ಜಾ!” ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು.

ಅಜ್ಜ ಓಡಿಬಂದ. ಅಮ್ಮ ಒದ್ದೆ ಕೈಯಲ್ಲೇ ಬಂದಳು. ಚೂಟಿ ಅರ್ಧ ಹೇಳಿದಳು, ಸೋಡಾ ಉಳಿದರ್ಧ ಹೇಳಿದಳು. ಅಜ್ಜ ಜಾಕಿನ ಬುಡದಿಂದ ಮೇಲಿನವರೆಗೆ ಕೈಯಾಡಿಸಿದ. ಆಮೇಲೆ ತನ್ನ ಹಣೆಯನ್ನು ತಾನೇ ಫಟ್ಟೆಂದು ಹೊಡೆದುಕೊಂಡ.

“ಥೂ ನನ್ನ ಬುದ್ಧಿಗಿಷ್ಟು! ಸೀಲ್ ಬಿಚ್ಚಿ ನೋಡಿದೆ, ಪಂಪ್ ಬಿಚ್ಚಿ ನೋಡಿದೆ. ಕೆಂಪಿಯ ಹೊಟ್ಟೆಯೊಳಗೇ ಹುಡುಕ್ತಾ ಕೂತೆ. ಹೊರಗೆ ಅವಳಿಗೆ ಇನ್ನೊಂದು ಹೊಟ್ಟೆ ಕಟ್ಟಿದೀವಿ ಅನ್ನೋದು ಹೊಳೀಲೇ ಇಲ್ಲ.”

“ಸಲಿಕೆ ಇದ್ದಾಗ ತೊಳೆಯೋಕೆ ಎತ್ತುತ್ತಿರ್ಲಿಲ್ಲ,” ಎಂದಳು ಅಮ್ಮ. “ಜಾಕ್ ಬಂದ್ಮೇಲೆ ತಾನೆ ಈ ಸೊಗಸು!”

ಅಷ್ಟರಲ್ಲಿ ಗೇಟಿನ ಹತ್ತಿರ ಭೀಮನ ಗುಡುಗುಡು ಕೇಳಿತು. ಮೀಸೆ ಮಾಮ ಸೀಟಿನಿಂದ ಎದ್ದು ನಿಂತು ಎರಡೂ ಬ್ರೇಕನ್ನು ತುಳಿಯುತ್ತಿದ್ದ. ಭೀಮ ಮಾತ್ರ ನಿಲ್ಲುವ ಮನಸ್ಸು ಮಾಡದೆ ತೆವಳುತ್ತಾ ಬಂತು.

“ಸರೀರೀ! ಎಲ್ಲಾ ಸರೀರೀ!” ಎಂದು ಕೂಗಿದ.

ಅಮ್ಮ ಹುಡುಗಿಯರಿಬ್ಬರನ್ನೂ ರಟ್ಟೆ ಹಿಡಿದು ಎಳೆದಳು. ಭೀಮ ನೀರಿನ ಡ್ರಮ್ಮಿಗೆ ಢಂ ಎಂದು ಗುದ್ದಿ, ಅದನ್ನು ಮಗುಚಿ, ಉಸ್ಸೆಂದು ನಿಂತಿತು. ಮೀಸೆ ಮಾಮನ ಮುಖ ಬಿಳಿಚಿಕೊಂಡಿತ್ತು. ಸೋಡಾ ಓಡಿ ಹೋಗಿ ಅವನ ಕಾಲನ್ನು ತಬ್ಬಿಕೊಂಡಳು.

“ಯಜಮಾನ್ರೇ,” ಎಂದ ಮೀಸೆ ಮಾಮ ಕೆಳಗಿಳಿದು, “ಈವತ್ತು ಇತ್ಯರ್ಥ ಆಗ್ಲೇಬೇಕು. ನನ್ನ ಭೀಮನಿಗೆ...”

“ಆಯಿಲ್ ಯಾರು ಸುರೀತಿದ್ದಾರೆ ಅಂತ ತಾನೆ? ಬಾ, ತೋರಿಸ್ತೀನಿ,” ಎಂದ ಅಜ್ಜ.

ಸೋಡಾ ಭೀಮನ ಕಡ್ಡಿ ಎಳೆದು ತೋರಿಸಿದಳು. ಮೀಸೆ ಮಾಮ ಎಂದಿನ ಹಾಗೆ ಪೈಪ್ ಸಿಕ್ಕಿಸಿದ, ಕಂಬಿ ತೆಗೆದ, ತೊಟ್ಟಿ ಇಳಿಸಿದ. ಸೋಡಾ ಮತ್ತೆ ಕಡ್ಡಿ ಎಳೆದಳು. ಆಯಿಲ್ ಹಿಡಿಯ ಹತ್ತಿರಕ್ಕೆ ಬಂದಿತ್ತು.

ಮೀಸೆ ಮಾಮ ಕಡ್ಡಿಯನ್ನು ನೋಡಿದ, ಟ್ರೇಲರನ್ನು ನೋಡಿದ, ಮೀಸೆ ತಿರುವಿದ.

“ಅಂದ್ರೆ ಭೀಮನಿಗೆ ಕುಡಿಸ್ತಿದ್ದದ್ದು ನಿಮ್ಮ ಸ್ವಚ್ಛತೆ!”

“ಅದಕ್ಕೇ ನೀನು ಕೊಳಕಾಗಿ ಕೊಡ್ತಿದ್ದದ್ದು ಒಳ್ಳೇದೇ ಆಯ್ತು,” ಎಂದ ಅಜ್ಜ. “ಎತ್ತಿ ತೊಳೀದೆ ಹಾಗೇ ಇಳಿಸಿ ಕೊಡ್ತಿದ್ದೆ. ಇಲ್ದಿದ್ರೆ ಕೆಂಪಿ ಭೀಮ ಇಬ್ಬರೂ ಕೊಡು-ಕೊಳ್ಳು ಮಾಡ್ಕೊಂಡು, ನಮಗೆ ಗೊತ್ತೇ ಆಗ್ತಿರ್ಲಿಲ್ಲ.”

“ನಾನು ನಿಮ್ಮನ್ನ ಏನೇನೋ ಅಂದ್ಕೊಂಡಿದ್ದೆ ಯಜಮಾನ್ರೇ.”

“ನಾನೇನು ಕಮ್ಮಿ ಅಂದ್ಕೊಂಡಿದ್ನಾ?”

ಇಬ್ಬರೂ ಕೆಮ್ಮಿದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಉಲ್ಟಾ ಆಟ ಶುರುವಾಯಿತು. ಭೀಮ ತೊಟ್ಟಿಯನ್ನು ಎತ್ತುವುದು, ಕಂಬಿ ಆನಿಸುವುದು, ಪೈಪ್ ಕಳಚುವುದು. ಕೆಂಪಿ ಬಂದು ಪೈಪ್ ಸಿಕ್ಕಿಸಿಕೊಂಡು ತೊಟ್ಟಿ ಇಳಿಸುವುದು. ಎತ್ತಿದಾಗ ಭೀಮನ ಆಯಿಲ್ ಕಮ್ಮಿಯಾಯಿತು, ಇಳಿಸಿದಾಗ ಕೆಂಪಿಯದು ಏರಿತು. ಚೂಟಿ ಒಂದು ಕಡ್ಡಿ ಹಿಡಿದಳು, ಸೋಡಾ ಇನ್ನೊಂದು. ಕೆಂಪಿಯ ಹೊಟ್ಟೆ ತುಂಬಿದ ಮೇಲೂ ಭೀಮನಲ್ಲಿ ಹೆಚ್ಚಾಗಿ ಉಳಿದದ್ದನ್ನು ಅಜ್ಜ ಡಬ್ಬಕ್ಕೆ ಬಸಿದ. ಎರಡರಲ್ಲೂ ಆಯಿಲ್ ಮೇಲಿನ ಗೀರಿಗೆ ಬಂದು ನಿಂತಾಗ ಅಮ್ಮ ಲಿವರ್ ಎಳೆದಳು. ಕೆಂಪಿಯ ತೋಳುಗಳು ನಡುಗದೆ, ಅಳದೆ, ಸುಮ್ಮನೆ ಮೇಲೆದ್ದವು.

“ಬ್ರೇಕನ್ನ ಬಿಚ್ಚಿ ತೊಳೀಬೇಕು. ನಾನೂ ಬರ್ತೀನಿ,” ಎಂದು ಅಜ್ಜ ಮೀಸೆ ಮಾಮನ ಜೊತೆ ಹೊರಟ.

ದೊಡ್ಡವರದು ಅಷ್ಟಕ್ಕೇ ಮುಗಿಯಿತು.

ಸೋಡಾ ಕೈ ಒರೆಸಿಕೊಂಡು ಬಟ್ಟೆಯನ್ನು ಮಡ್‌ಗಾರ್ಡಿನ ಮೇಲಿಟ್ಟಳು. “ಬರ್ತೀನಿ,” ಎಂದಳು. ಚೂಟಿಯ ಮುಖ ನೋಡಲಿಲ್ಲ.

“ಸೋಡಾ, ಸಾರಿ ಕಣೇ.”

“ನನಗೆ ಹೇಳಿ ಏನುಪಯೋಗ?” ಎಂದಳು ಸೋಡಾ. “ನಮ್ಮಪ್ಪ ಕಳ್ಳ ಅಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು.”

ಮರುದಿನ ಬಸ್ಸಿನಲ್ಲಿ ಚೂಟಿ ಸೀದಾ ಹಿಂದಿನ ಸೀಟಿಗೆ ಹೋದಳು.

“ರೇಡಿಯೋ, ನಾನು ಹೇಳಿದ್ದು ತಪ್ಪು. ಆಯಿಲನ್ನ ಯಾರೂ ಕದ್ದಿಲ್ಲ. ನಾವು ಟ್ರೇಲರ್ ತೊಳೀತಿದ್ವಲ್ಲ, ಆಗ ಜಾಕ್ ಒಳಗೆ...”

“ಮತ್ತೆ ಕದ್ದೋರು ಯಾರು?”

“ಯಾರೂ ಅಲ್ಲ.”

“ಯಾರೂ ಅಲ್ವಾ?” ರೇಡಿಯೋನ ಮುಖ ಗಾಳಿ ಹೋದ ಬಲೂನಿನ ಹಾಗಾಯಿತು. “ಇದೇನೇ, ಚಪ್ಪೆ!” ಎಂದು ಕಿಟಕಿಯ ಕಡೆ ತಿರುಗಿಕೊಂಡ.

ಬಸ್ಸು ಶಾಲೆ ಮುಟ್ಟಿತು. ಈ ಸಲ ಡ್ರೈವರ್ ಅಂಕಲ್‌ಗೆ ಏನೂ ಗೊತ್ತಾಗಿರಲಿಲ್ಲ. ಕ್ಲಾಸಿನ ಬಾಗಿಲಲ್ಲೇ ಯಾರೋ, “ಏ ಸೋಡಾ, ಸೈಕಲ್ ಚೈನಿಗೆ ಆಯಿಲ್ ತಂದ್ಯಾ?” ಎಂದರು. ಸೋಡಾ ಬೆಂಚಿಗೆ ಹೋಗಿ ಕೂತು ಪುಸ್ತಕ ತೆಗೆದಳು.

ಚೂಟಿ ಕ್ಲಾಸನ್ನು ಒಮ್ಮೆ ನೋಡಿದಳು. ಎಷ್ಟೊಂದು ಬೆಂಚು! ಅವತ್ತು ಬಸ್ಸಿನಲ್ಲಿ ಒಂದೇ ಕಿವಿಗೆ ಹೇಳಿದ್ದಳು, ಅಷ್ಟೇ ಸಾಕಾಗಿತ್ತು. ಅವಳು ಚೀಲವನ್ನು ನೆಲಕ್ಕಿಟ್ಟು, ಮೊದಲನೇ ಬೆಂಚಿನ ಮುಂದೆ ನಿಂತಳು.

“ಒಂದ್ನಿಮಿಷ ಕೇಳ್ರೋ. ಸೋಡಾ ಅವರಪ್ಪ ಕಳ್ಳ ಅಲ್ಲ. ನಾನು ತಪ್ಪು ತಿಳ್ಕೊಂಡು ಹೇಳಿದ್ದು. ಏನಾಗಿತ್ತು ಅಂದ್ರೆ...”

ಒಬ್ಬ ಕೇಳಿದ, ಇನ್ನೊಬ್ಬ ಪೆನ್ಸಿಲ್ ಚೂಪು ಮಾಡಿದ. ಎರಡನೇ ಬೆಂಚಿಗೆ ಹೋಗಿ ಮತ್ತೆ ಮೊದಲಿನಿಂದ ಹೇಳಿದಳು. ಅಲ್ಲಿ ನಕ್ಕರು. ಮೂರನೇ ಬೆಂಚಿನಲ್ಲಿ ಯಾರೋ, “ಜಾಕ್ ಅಂದ್ರೇನು?” ಎಂದು ಕೇಳಿದರು. ಚೂಟಿ ಎರಡು ಕೈಯಲ್ಲೂ ತೋರಿಸಿದಳು. ಆಯಿಲ್ ಹೀಗೆ ಹೋಗುತ್ತೆ, ಜಾಕ್ ಹೀಗೆ ಉದ್ದ ಆಗುತ್ತೆ, ತೊಟ್ಟಿ ಹೀಗೆ ಮೇಲೆ ಹೋಗುತ್ತೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ಗಂಟಲು ಒಣಗಿತು. ನಾಲ್ಕನೇ ಬೆಂ‌ಚು ಬಾಕಿ ಇತ್ತು, ಐದನೆಯದೂ ಬಾಕಿ ಇತ್ತು, ಗೋಡೆ ಪಕ್ಕದ ಸಾಲಂತೂ ಪೂರ್ತಿ ಬಾಕಿ ಇತ್ತು.

ನಾಲ್ಕನೆಯದರ ಮುಂದೆ ನಿಂತು ಅವಳು, “ಮೊದಲು ಅಮ್ಮ ತೊಟ್ಟೀನ ಎತ್ತಿದ್ಲಾ, ಆಮೇಲೆ ಪೈಪ್ ಕಳಚಿದ್ಲು,” ಎನ್ನುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಕಂಬಿ ಬಿಟ್ಟೆ.”

ಸೋಡಾ ಪುಸ್ತಕದಿಂದ ತಲೆ ಎತ್ತಿರಲಿಲ್ಲ.

“ಕಂಬಿ ಆನಿಸಿದ್ದು ಹೇಳು,” ಎಂದಳು ಅವಳು ಪುಟ ತಿರುವುತ್ತಾ. “ಅದನ್ನ ಹೇಳದೆ ಹೋದ್ರೆ ತೊಟ್ಟಿ ಗಾಳೀಲಿ ಹೇಗೆ ನಿಂತಿತ್ತು ಅಂತ ಕೇಳ್ತಾರೆ.”

“ಹ್ಞಾ, ಕಂಬಿ,” ಎಂದಳು ಚೂಟಿ. ಮತ್ತೆ ಮೊದಲಿನಿಂದ ಶುರುಮಾಡಿದಳು.